ಹನ್ನೆರಡನೆಯ ಹಾಡು

ಹನ್ನೊಂದು ಹಾಡು ಸಿಕ್ಕಿದ್ದವು, ಹನ್ನೆರಡನೆಯದು ಬೇಕಿತ್ತು. ಮಾರ್ಚ್ ತಿಂಗಳ ಬಿಸಿಲು ಬೆಳಿಗ್ಗೆ ಎಂಟಕ್ಕೇ ಗಾಂಧಿನಗರದ ಅಡುಗೆಮನೆಯ ಕಟ್ಟೆಯ ಮೇಲೆ ಬಂದು ಕೂತಿತ್ತು. ರಶ್ಮಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಒಗ್ಗರಣೆಗೆ ಇಟ್ಟಿದ್ದಳು. ಸಾಸಿವೆ ಸಿಡಿದದ್ದು ಕೇಳಿಸಲಿಲ್ಲ, ಮೆಣಸಿನಕಾಯಿ ಕರಕಲಾಗಿ ಘಾಟು ಎದ್ದಾಗ ಹೊರಗಿನ ಕೋಣೆಯಿಂದ ಗಂಡ ಗುರುಸ್ವಾಮಿ ಕೆಮ್ಮುತ್ತ ಬಂದು ಒಲೆ ಆರಿಸಿದ. ಅವನ ತುಟಿ ಆಡುವುದು ಕಂಡು ಹೆಡ್‌ಫೋನ್ ತೆಗೆದಳು. ‘ಸತ್ತೋರ ಹಾಡು ಕೇಳಿಕೋತ ಇದ್ದೋರನ್ನ ಸಾಯಿಸಬ್ಯಾಡ’ ಎಂದು ಅವನು ನಗುತ್ತಲೇ ಹೇಳಿದ. ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವನು ಹಾಗೆ ನೋಯಿಸುವ ಗಂಡಸೂ ಅಲ್ಲ. ಆದರೂ ಅವಳ ಕಣ್ಣಲ್ಲಿ ನೀರು ತುಂಬಿತು. ಅದು ಘಾಟಿನ ನೀರೆಂದು ಅವನು ತಿಳಿದುಕೊಂಡದ್ದು ಒಳ್ಳೆಯದೇ ಆಯಿತು.

ಸತ್ತವನು ಕುರುಗೋಡಿನ ದೊಡ್ಡಬಸವರಾಜ. ಇಪ್ಪತ್ತಾರು ದಿನದ ಹಿಂದೆ, ನಲವತ್ತೆಂಟನೆಯ ವಯಸ್ಸಿಗೆ, ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದಿದ್ದ. ಒಂದು ಕಾಲಕ್ಕೆ ಬಳ್ಳಾರಿಯ ಕಾಲೇಜು ಹುಡುಗರೆಲ್ಲ ಹುಚ್ಚಾಗಿ ಕೇಳುತ್ತಿದ್ದ ‘ತಗಡು’ ಎಂಬ ರಾಕ್ ಬ್ಯಾಂಡಿನ ಹಾಡುಗಾರ ಅವನು. ಕುರುಗೋಡಿನಲ್ಲಿ ಅವನ ಅಪ್ಪ ಕಲ್ಲು ಸೀಳುವ ಯಂತ್ರ ಇಡುತ್ತಿದ್ದ ತಗಡಿನ ಶೆಡ್ಡಿನಲ್ಲಿ ಅವರ ತಾಲೀಮು ನಡೆಯುತ್ತಿದ್ದುದರಿಂದ ಆ ಹೆಸರು; ಕೇಳಿದವರು ನಗುತ್ತಿದ್ದರು, ನಗಲಿ ಎಂದೇ ಇಟ್ಟದ್ದು. ಐದು ವರ್ಷದಲ್ಲಿ ನಾಲ್ಕು ಆಲ್ಬಮ್ ಮಾಡಿ, ಎರಡು ಸಾವಿರದ ಮೂರರಲ್ಲಿ ಒಡೆದುಹೋದರು. ಈಗ ಬರುವ ಭಾನುವಾರ ಅವನ ನೆನಪಿನ ಕಾರ್ಯಕ್ರಮ. ನಾಲ್ಕೂ ಆಲ್ಬಮ್ಮಿನಿಂದ ಹನ್ನೆರಡು ಒಳ್ಳೆಯ ಹಾಡು ಆರಿಸಿ ಅಲ್ಲಿ ಕೇಳಿಸಬೇಕು, ಆಮೇಲೆ ಅವನ್ನೇ ಇಂಟರ್ನೆಟ್ಟಿಗೂ ಹಾಕಬೇಕು ಎಂದು ಅವನ ಹೆಂಡತಿ ಅರುಣಾ ಹೊರಟಿದ್ದಳು. ಆರಿಸುವ ಕೆಲಸವನ್ನು ರಶ್ಮಿಗೆ ಒಪ್ಪಿಸಿದ್ದಳು. ಬಾರಿಸಿದವರಿಗಿಂತ ಕೇಳಿದವರಿಗೇ ಹೆಚ್ಚು ಗೊತ್ತಿರುತ್ತದೆ ಎಂದು ಅವಳ ನಂಬಿಕೆ. ಮೂಲ ರೆಕಾರ್ಡಿಂಗುಗಳನ್ನೆಲ್ಲ ಗಂಡನ ಕಪಾಟಿನಿಂದ ತೆಗೆದು ಒಂದು ಪೆನ್‌ಡ್ರೈವಿಗೆ ಹಾಕಿಸಿ ಕಳಿಸಿಕೊಟ್ಟಿದ್ದಳು. ಇವತ್ತು ಮಧ್ಯಾಹ್ನದೊಳಗೆ ಪಟ್ಟಿ ಅವಳ ಕೈಸೇರಬೇಕಾಗಿತ್ತು.

ರಶ್ಮಿ ಕಾಲೇಜಿನ ಗ್ರಂಥಾಲಯಕ್ಕೆ ರಜೆ ಹಾಕಿ ನಾಲ್ಕು ದಿನದಿಂದ ಕೇಳುತ್ತಿದ್ದಳು. ಮೊದಲ ಆಲ್ಬಮ್ ‘ತಗಡಿನ ಕೆಳಗೆ’ ಬರೀ ಗದ್ದಲ, ಡ್ರಮ್ಮು ಬಾರಿಸುವವನಿಗೆ ಯಾರ ಮೇಲೋ ಸಿಟ್ಟಿತ್ತು. ಆದರೂ ‘ಎರಡೂವರೆ ಬಸ್ಸು’ ಬಿಡುವಂತಿರಲಿಲ್ಲ, ಅದರ ಮೊದಲ ಗಿಟಾರು ಕೇಳಿದರೆ ಈಗಲೂ ಅವಳ ಕಾಲು ತಾನಾಗಿ ಆಡುತ್ತಿತ್ತು. ಎರಡನೆಯದು ‘ಕೆಂಧೂಳಿ’, ಅದರಿಂದ ನಾಲ್ಕು ಹಾಡು ತೆಗೆದುಕೊಂಡಳು, ಐದಾದರೂ ತಪ್ಪಿರಲಿಲ್ಲ. ಮೂರನೆಯ ‘ಎರಡನೇ ಆಟ’ವನ್ನು ಆಗ ಊರೆಲ್ಲ ಹೊಗಳಿತ್ತು, ಈಗ ಕೇಳಿದರೆ ಸಕ್ಕರೆ ಜಾಸ್ತಿ. ಇಷ್ಟು ವರ್ಷ ತಲೆಯ ಮೇಲೆ ಹೊತ್ತಿದ್ದು ಇದನ್ನೇನಾ ಎಂದು ನಾಚಿಕೆಯಾಗಿ, ಮೂರು ಬರೆದು ಎರಡು ಹೊಡೆದುಹಾಕಿದಳು. ನಾಲ್ಕನೆಯದು ‘ಹಿಂದಿನ ಸೀಟು’. ಅದರಲ್ಲೇ ಇದ್ದದ್ದು ಬಸವರಾಜನ ಏಳು ನಿಮಿಷದ ‘ಯಾರೂ ಇಳಿಯದ ಸ್ಟಾಪು’, ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ತಗಡಿನ ಒಂದನೇ ನಂಬರಿನ ಹಾಡು. ಅದರ ಹಿಂದೆಯೇ, ಆಲ್ಬಮ್ಮಿನ ಕೊನೆಯದಾಗಿ, ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಾಡಿತ್ತು. ಮೂರು ನಿಮಿಷ ನಲವತ್ತೆರಡು ಸೆಕೆಂಡು. ಬಳ್ಳಾರಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಹೆಸರು ‘ಮೊಣಕಾಲ ಮಟ’, ಹಾಡಿದವನು ಬ್ಯಾಂಡಿನಲ್ಲಿ ಬಾಸ್ ಗಿಟಾರು ಬಾರಿಸುತ್ತಿದ್ದ ಎರ್ರಿ. ನಾಲ್ಕು ದಿನದಲ್ಲಿ ಅದು ಬಂದಾಗಲೆಲ್ಲ ರಶ್ಮಿಯ ಬೆರಳು ಅದನ್ನು ದಾಟಿಸಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ದಾಟಿಸಿದ್ದೂ ಇದೇ ಬೆರಳು. ಬ್ರೂಸ್‌ಪೇಟೆಯಲ್ಲಿ ಅವಳ ಅಪ್ಪ ಗವಿಸಿದ್ದಪ್ಪನವರ ಕ್ಯಾಸೆಟ್ ಅಂಗಡಿ ಇತ್ತು, ಎರಡು ಕಿರಾಣಿ ಸಗಟು ಅಂಗಡಿಗಳ ನಡುವೆ ಸಿಕ್ಕಿಕೊಂಡು. ಹಾಡು ಕೇಳುವವರು ಕೆಮ್ಮುತ್ತಲೇ ಕೇಳಬೇಕು, ಅಷ್ಟು ಮೆಣಸಿನಕಾಯಿ ಧೂಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಗಳನ್ನು ಅಪ್ಪ ಕಾಪಿ ಮಾಡುವ ಯಂತ್ರದ ಮುಂದೆ ಕೂರಿಸಿದ್ದರು. ಒಂದು ಸಲಕ್ಕೆ ನಾಲ್ಕು ಕ್ಯಾಸೆಟ್ಟು. ತಗಡಿನ ಹಾಡುಗಳೆಲ್ಲ ಹೊರಬಂದದ್ದು ಆ ಯಂತ್ರದಿಂದಲೇ. ಅಪ್ಪ ನೂರುಗಟ್ಟಲೆ ತರಿಸಿಟ್ಟಿದ್ದವು ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟುಗಳು, ಒಂದೊಂದು ಬದಿಗೆ ಮೂವತ್ತೇ ನಿಮಿಷ. ‘ಹಿಂದಿನ ಸೀಟು’ ಎರಡನೆಯ ಬದಿಗೆ ಮೂವತ್ತಮೂರೂವರೆ ನಿಮಿಷ ಬರುತ್ತಿತ್ತು. ಹೀಗಾಗಬಹುದೆಂದು ಬಸವರಾಜನಿಗೆ ಮೊದಲೇ ಅನುಮಾನ ಇತ್ತು. ಮೂಲದ ಸಿ.ಡಿ. ಕೊಡಲು ಬಂದ ದಿನ ಗಲ್ಲೆಯ ಮೇಲೆ ಮೊಣಕೈ ಊರಿ ನಿಂತು ಹೇಳಿದ್ದ: ‘ಹಿಡಿಸಲಿಲ್ಲಂದ್ರ ನಂದು ದೊಡ್ಡದೈತಲ್ಲ, ಅದನ್ನ ತಗಿ. ಎರ್ರಿದು ಮುಟ್ಟಬ್ಯಾಡ.’ ಅವಳು ಹೂಂ ಎಂದಿದ್ದಳು. ಅವನು ಹೋದ ಮೇಲೆ ಎರಡನ್ನೂ ಕೇಳಿದಳು. ಬಸವರಾಜನ ಏಳು ನಿಮಿಷ ಕೇಳುವಾಗ ಅವಳ ಎದೆ ಹಿಡಿದುಕೊಂಡಂತಾಗಿತ್ತು. ಅದನ್ನು ಪ್ರೀತಿ ಎನ್ನಲು ಆಗ ಅವಳಿಗೆ ಧೈರ್ಯ ಇರಲಿಲ್ಲ, ಈಗ ಸಂಕೋಚವಿಲ್ಲ. ಎರ್ರಿಯದು ಸಿರಿಗೇರಿ. ಅವನ ಅವ್ವ ಬೇರೆಯವರ ಗದ್ದೆಯಲ್ಲಿ ಭತ್ತದ ಸಸಿ ನೆಡುವ ಕೂಲಿಯವಳು. ಹಾಡಿನ ತುಂಬ ಆ ಕೆಸರು, ಆ ನೀರು, ಅರ್ಧ ಕನ್ನಡ ಅರ್ಧ ತೆಲುಗಿನ ಮಾತು, ‘ಹ’ ಇರುವಲ್ಲಿ ‘ಅ’. ಇದನ್ನು ಹಾಕಿದರೆ ಕಾಲೇಜಿನ ಹುಡುಗಿಯರು ನಗುತ್ತಾರೆ ಅನ್ನಿಸಿತು. ನಗುವವರಲ್ಲಿ ತಾನೇ ಮೊದಲನೆಯವಳು ಎಂಬುದು ಗೊತ್ತಿತ್ತು. ಸರಸರ ಲೆಕ್ಕ ಹಾಕಿದಳು: ಎರ್ರಿಯದನ್ನು ತೆಗೆದರೂ ಬದಿ ಹಿಡಿಸುತ್ತದೆ, ಮೇಲೆ ಹನ್ನೆರಡು ಸೆಕೆಂಡು ಉಳಿಯುತ್ತದೆ. ಕ್ಯಾಸೆಟ್ಟಿನ ಒಳಗಿಡುವ ಹಾಡುಗಳ ಪಟ್ಟಿಯನ್ನೂ ತಾನೇ ಬರೆದು ಪಕ್ಕದ ಓಣಿಯ ಪ್ರೆಸ್ಸಿಗೆ ಕೊಟ್ಟಳು. ಒಂದು ಮಧ್ಯಾಹ್ನದ ಕೆಲಸ ಅದು. ಊಟಕ್ಕೆ ಹೊತ್ತಾಗಿತ್ತು ಎಂದೂ ನೆನಪಿದೆ.

ಹನ್ನೊಂದೇ ಹಾಡಿದ್ದ ಪಟ್ಟಿಯ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು, ಗಂಡನಿಗೆ ಊಟ ಮುಚ್ಚಿಟ್ಟು, ಅವಳು ಬಸ್‌ಸ್ಟ್ಯಾಂಡಿಗೆ ಬಂದಳು. ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು, ಬಿಸಿಲಿನ ಬದಿ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಚೀಲವನ್ನು ಅರ್ಧ ಇವಳ ತೊಡೆಯ ಮೇಲೆಯೇ ಇಟ್ಟಳು. ಸರಿಸಿಕೊಳ್ಳಿ ಎನ್ನಲು ರಶ್ಮಿಗೆ ಬಾಯಿ ಬರಲಿಲ್ಲ. ಇದೇ ತನ್ನ ಸ್ವಭಾವ, ಸಣ್ಣದಕ್ಕೂ ಬಾಯಿ ಬರುವುದಿಲ್ಲ ಎಂದುಕೊಂಡಳು, ಮತ್ತು ಕೂಡಲೇ ಹಾಗೆ ಅಂದುಕೊಂಡದ್ದಕ್ಕೆ ಸಿಟ್ಟು ಬಂತು, ಏಕೆಂದರೆ ಬೇಕಾದಾಗ ಬಾಯಿ ಚೆನ್ನಾಗಿಯೇ ಬಂದಿತ್ತು. ಕ್ಯಾಸೆಟ್ ಬಿಡುಗಡೆಯಾದ ಮೂರನೆಯ ದಿನ ಎರ್ರಿ ತನ್ನ ಅವ್ವನನ್ನು ಕರೆದುಕೊಂಡು ಅಂಗಡಿಗೆ ಬಂದ. ಹೊನ್ನೂರಮ್ಮ ಹಸಿರು ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಬೆಂಚಿನ ತುದಿಯಲ್ಲಿ ಬೀಳುವ ಹಾಗೆ ಕೂತಳು. ನಮ್ಮವ್ವಗ ಎರಡನೇ ಬದಿ ಹಾಕ್ರಿ ಅಕ್ಕಾರ ಎಂದು ಎರ್ರಿ ಕೇಳಿದ. ಆಗ ಹೇಳಬಹುದಿತ್ತು. ಅವಳು ಹೇಳದೆ ಹಾಕಿದಳು. ಪೂರ್ತಿ ಅರ್ಧ ಗಂಟೆ. ಹೊನ್ನೂರಮ್ಮ ಪ್ರತಿ ಹಾಡು ಶುರುವಾದಾಗಲೂ ಮಗನ ಮುಖ ನೋಡುವಳು, ಅವನು ಇದಲ್ಲ ಎಂದು ತಲೆ ಆಡಿಸುವನು. ಏಳು ನಿಮಿಷದ ಹಾಡು ಮುಗಿಯಿತು. ಉಳಿದ ಹನ್ನೆರಡು ಸೆಕೆಂಡು ಬರೀ ಸುಯ್ ಎನ್ನುವ ಸದ್ದು, ಆಮೇಲೆ ಯಂತ್ರ ಟಕ್ ಎಂದು ನಿಂತಿತು. ‘ನಿಂದು ಎಲ್ಲೈತಪಾ?’ ಎಂದು ತಾಯಿ ಕೇಳಿದಳು. ಎರ್ರಿ ಪಟ್ಟಿಯ ಕಾಗದ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ, ಆಮೇಲೆ ರಶ್ಮಿಯನ್ನು ನೋಡಿದ. ‘ನನಗೇನು ಗೊತ್ತು? ಬಸವರಾಜ್ ಅವರನ್ನೇ ಕೇಳು’ ಎಂದಳು ರಶ್ಮಿ. ಬಸವರಾಜನಿಗೆ ಅವರು, ಎರ್ರಿಗೆ ಕೇಳು. ಇಬ್ಬರೂ ಒಂದೇ ವಯಸ್ಸಿನವರು. ಆ ಮಾತಿನ ಧಾಟಿ ಕೂಡ ಇವತ್ತು, ಚೀಲದ ಭಾರ ತೊಡೆಯ ಮೇಲಿರುವಾಗ, ಕಿವಿಯಲ್ಲಿ ಹಾಗೇ ಕೇಳಿಸಿತು.

ಎರ್ರಿ ಬಸವರಾಜನನ್ನು ಕೇಳಿದ. ಶೆಡ್ಡಿನಲ್ಲಿ ಏನು ನಡೆಯಿತೋ ಅವಳು ಕಂಡವಳಲ್ಲ. ಬಸವರಾಜ ಏನೂ ಹೇಳದೆ ಸುಮ್ಮನೆ ನಿಂತನಂತೆ, ಎರ್ರಿ ಬಾಸ್ ಗಿಟಾರನ್ನು ಗೋಡೆಗೆ ಒರಗಿಸಿ ಹೋದವನು ತಿರುಗಿ ಬರಲಿಲ್ಲವಂತೆ. ಬ್ಯಾಂಡು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಬಸವರಾಜ ಅಂಗಡಿಗೆ ಬಂದು ಒಂದು ಕ್ಯಾಸೆಟ್ಟು ಎತ್ತಿಕೊಂಡು ಪಟ್ಟಿ ಓದಿದ. ಹಿಡಿಸಲಿಲ್ಲೇನು ಎಂದ. ಇಲ್ಲ ಎಂದಳು. ಆತು ಎಂದು ಹೊರಟುಹೋದ. ಒಂದು ಮಾತು ಬೈದಿದ್ದರೆ ಅವಳು ಅಲ್ಲೇ ಅತ್ತು ಎಲ್ಲ ಹೇಳಿಬಿಡುತ್ತಿದ್ದಳು. ಅವನು ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ, ಹೊಟ್ಟೆಕಿಚ್ಚಿನ ನಾಯಕ ಎಂದು ಊರು ಆಡಿಕೊಂಡದ್ದನ್ನೆಲ್ಲ ತಲೆಯ ಮೇಲೆ ಹಾಕಿಕೊಂಡ. ಅವಳ ಮದುವೆಯ ಮಾತು ನಡೆಯುತ್ತಿದ್ದ ಕಾಲ, ಹೆಸರು ಕೆಡಬಾರದೆಂದೋ. ಅಥವಾ ಅವಳಿಗೆ ತನ್ನ ಮೇಲಿದ್ದ ಪ್ರೀತಿ ಗೊತ್ತಾಗಿ ಕನಿಕರವೋ. ಯಾಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಾಗಿದ್ದ ಇಪ್ಪತ್ತೆರಡು ವರ್ಷ ಅವನು ಇಪ್ಪತ್ತೆಂಟು ಕಿಲೋಮೀಟರ್ ದೂರದಲ್ಲಿ ಬದುಕಿದ್ದ.

ಕುರುಗೋಡಿನ ಮನೆಯಲ್ಲಿ ಅರುಣಾ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿಟ್ಟು ಕಾಯುತ್ತಿದ್ದಳು. ಸಾವಿನ ಮನೆಯಲ್ಲಿ ತಿನ್ನುವುದು ಹೇಗೆ ಎಂದು ರಶ್ಮಿ ಹಿಂಜರಿದಳು, ತಿನ್ನದಿದ್ದರೂ ತಪ್ಪಾಗುತ್ತಿತ್ತು. ಅರುಣಾ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು; ಪಟ್ಟಿಯನ್ನು ಉತ್ತರ ಪತ್ರಿಕೆಯ ಹಾಗೆ ಹಿಡಿದು ಓದಿದಳು, ಎರಡು ಕಡೆ ಹುಬ್ಬೇರಿಸಿದಳು, ‘ಎರಡನೇ ಆಟ’ದಿಂದ ಒಂದೇ ಒಂದು ಬಂದದ್ದಕ್ಕೆ ಒಳಗೇ ನಕ್ಕಳು. ಇವರೂ ಅದನ್ನ ಬೈತಿದ್ರು ಎಂದಳು. ಹನ್ನೆರಡರ ಮುಂದೆ ಖಾಲಿ ಇತ್ತು. ಅರುಣಾ ಲ್ಯಾಪ್‌ಟಾಪು ತೆರೆದು, ರಶ್ಮಿ ಬೇಡ ಎನ್ನುವುದರೊಳಗೆ, ಎರ್ರಿಯ ಹಾಡು ಹಾಕಿಬಿಟ್ಟಳು. ಸಣ್ಣ ಸ್ಪೀಕರಿನಲ್ಲಿ ಅದು ದೂರದಿಂದ ಬಂದಂತೆ ಬಂತು. ರಶ್ಮಿ ಇಪ್ಪತ್ತೆರಡು ವರ್ಷದ ಮೇಲೆ ಅದನ್ನು ಪೂರ್ತಿ ಕೇಳಿದಳು. ಕೆಟ್ಟದಾಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು, ಹಾಗಾದರೆ ಎಲ್ಲ ಸುಲಭ. ಎರಡನೆಯ ಚರಣದಲ್ಲಿ ಅವನು ಶ್ರುತಿ ಬಿಟ್ಟದ್ದು ಕೇಳಿ ಒಂದು ಕ್ಷಣ ನಿರಾಳವೂ ಆಯಿತು. ಆದರೆ ಬಗ್ಗಿದ ಬೆನ್ನು ನೆಟ್ಟಗಾಗದೆ ಊರಿಗೆ ಊರೇ ಬಗ್ಗಿ ನಡೆಯುತ್ತದೆ ಎಂಬ ಸಾಲಿಗೆ ಬಂದಾಗ ಅವಳ ಮೈ ಬೆವರಿತು. ಈ ಹುಡುಗ ಹಾಡಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಉಳಿದ ಹನ್ನೊಂದೂ, ಅವಳು ಮೆಚ್ಚಿದ ಆ ಏಳು ನಿಮಿಷವೂ, ಒಳ್ಳೆಯ ಬಟ್ಟೆ ಹಾಕಿಕೊಂಡು ಸಿಂಗಾರವಾಗಿ ಬಂದ ಹಾಡುಗಳು ಅನ್ನಿಸಿತು.

‘ಇದು ಹನ್ನೆರಡರಾಗ ಬರೋ ಹಾಡೋ ಅಲ್ಲೋ, ಅಷ್ಟು ಹೇಳ್ರಿ ಅಕ್ಕಾ’ ಎಂದಳು ಅರುಣಾ.

ಬರ್ತೈತಿ ಎಂದಳು ರಶ್ಮಿ. ಯೋಚಿಸುವ ಮೊದಲೇ ಬಂದ ಮಾತು. ಹಾಗಿದ್ದರೆ ಆಗ ಯಾಕೆ ಬಿಟ್ಟರು, ಕ್ಯಾಸೆಟ್ಟು ಆದದ್ದು ನಿಮ್ಮ ಅಂಗಡಿಯಲ್ಲೇ ಅಲ್ಲವೇ ಎಂದು ಅರುಣಾ ಕೇಳಿದಳು. ಕೇಳಿದ್ದರಲ್ಲಿ ಸಂಶಯವಿರಲಿಲ್ಲ, ಬರೀ ಕುತೂಹಲ. ಜಾಗ ಸಾಲದೆ ಹೋಗಿರಬೇಕು ಎಂದಳು ರಶ್ಮಿ. ಅದು ಸುಳ್ಳೂ ಅಲ್ಲವೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಅರುಣಾ ತಟ್ಟೆಗಳನ್ನು ಎತ್ತುತ್ತ, ಬೆನ್ನು ಇವಳ ಕಡೆ ಮಾಡಿ, ಎರ್ರಿಯ ಮಾತು ತೆಗೆದಳು. ಗಂಡ ಅವನ ಬಗ್ಗೆ ಒಂದು ದಿನವೂ ಕೆಟ್ಟದ್ದು ಆಡಿದವನಲ್ಲ. ಜಗಳ ಏನೆಂದು ಕೇಳಿದರೆ ಇವಳಿಗೂ ಹೇಳಿದವನಲ್ಲ. ಪ್ರತಿ ಯುಗಾದಿಗೆ ಫೋನು ಮಾಡುವನು, ಆ ಕಡೆ ಎತ್ತುತ್ತಿರಲಿಲ್ಲ. ‘ಎಷ್ಟು ದೂರ ಐತ್ರಿ ಇಲ್ಲಿಂದ ಸಿರಿಗೇರಿ? ಎಲ್ಲೆಲ್ಲಿಂದಲೋ ಬಂದ್ರು ಮಂದಿ. ಅಂವ ಮಣ್ಣಿಗೆ ಬರಲಿಲ್ಲ. ಜೀವಂತ ಇದ್ದಾಗಿನ ಸಿಟ್ಟು ಇರ್ಲಿ, ಒಂದು ಹಿಡಿ ಮಣ್ಣು ಹಾಕಾಕ ಬರಬಾರದಿತ್ತೇನ್ರಿ? ಅದನ್ನ ನಾ ಮರಿಯಂಗಿಲ್ಲ.’ ಹೇಳಿ ತಟ್ಟೆಗಳನ್ನು ಸಿಂಕಿಗೆ ಹಾಕಿದಳು. ಈ ಕಡೆಯವರಿಗೆ ಮದುವೆಗೆ ಹೋಗದಿದ್ದರೆ ನಡೆದೀತು, ಮಣ್ಣಿಗೆ ಹೋಗದಿದ್ದರೆ ಸಂಬಂಧ ಅಲ್ಲಿಗೆ ಹರಿಯಿತು ಎಂದೇ ಲೆಕ್ಕ. ಆದರೂ ಹಾಡು ಅವನದು, ಅವನನ್ನು ಕೇಳದೆ ಹಾಕಬಾರದು ಎಂದಳು ಅರುಣಾ, ಗಣಿತದವಳ ನ್ಯಾಯ. ತಾನು ಫೋನು ಮಾಡುವುದಿಲ್ಲ. ಅವನು ಈಗ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನಡೆಸುತ್ತಾನಂತೆ, ನೀವೇ ಹೋಗಿ ಒಂದು ಮಾತು ಕೇಳಿ ಬನ್ನಿ ಎಂದಳು.

ಸಿರುಗುಪ್ಪದ ಬಸ್ಸು ತುಂಬಿತ್ತು. ಕಂಬ ಹಿಡಿದು ನಿಂತವಳಿಗೆ ಹೊರಗೆ ಕಲ್ಲುಗುಡ್ಡ ಮುಗಿದು ಕಾಲುವೆಯ ನೀರಿನ ಹಸಿರು ಶುರುವಾದದ್ದು ಕಂಡಿತು. ಬಸ್ಸು ಸಿರಿಗೇರಿಯಲ್ಲಿ ನಿಂತಾಗ ತಲೆಗೆ ಟವೆಲು ಸುತ್ತಿದ ಹೆಂಗಸರು ಇಳಿದರು, ಅವರಲ್ಲಿ ಒಬ್ಬಳು ಹೊನ್ನೂರಮ್ಮನೇ ಇರಬಹುದೇ ಎಂದು ಬಗ್ಗಿ ನೋಡಿದಳು. ಹೇಳಲೇಬೇಕು ಎಂದು ಕುರುಗೋಡಿನಲ್ಲಿ ಬಸ್ಸು ಹತ್ತುವಾಗ ಗಟ್ಟಿ ಮಾಡಿಕೊಂಡಿದ್ದ ಮನಸ್ಸು ಇಲ್ಲಿಗೆ ಬರುವಷ್ಟರಲ್ಲಿ ಬೇರೆ ದಾರಿ ಹುಡುಕಿತ್ತು. ಹೇಳಿದರೆ ಎರ್ರಿಗೆ ಏನು ಸಿಗುತ್ತದೆ? ತಪ್ಪೇ ಮಾಡದ ಗೆಳೆಯನ ಜೊತೆ ಇಪ್ಪತ್ತೆರಡು ವರ್ಷ ಮಾತು ಬಿಟ್ಟೆ, ಅವನ ಮಣ್ಣಿಗೂ ಹೋಗಲಿಲ್ಲ ಎಂಬುದು ಸಿಗುತ್ತದೆ. ಸಾಯುವ ತನಕ ಅದನ್ನು ಹೊತ್ತುಕೊಂಡು ತಿರುಗಬೇಕು. ಸತ್ತವನಂತೂ ಸತ್ತ, ಬದುಕಿದ್ದವನ ನಿದ್ದೆ ಯಾಕೆ ಕೆಡಿಸಬೇಕು? ಹಾಡು ಹಾಕುತ್ತೇವೆ ಎಂದು ಒಪ್ಪಿಗೆ ಕೇಳಿ ಬಂದರಾಯಿತು, ಇಷ್ಟು ವರ್ಷದ ಮೇಲೆ ಅವನ ಹಾಡು ಜನರ ಕಿವಿಗೆ ಬೀಳುತ್ತದೆ, ಅನ್ಯಾಯವೂ ಸರಿಹೋಗುತ್ತದೆ. ಎಷ್ಟು ಕರುಣೆ ಎಂದು ಅವಳಿಗೇ ಅನ್ನಿಸಿತು. ಆ ಕರುಣೆ ತನಗೆ ಎಷ್ಟು ಅನುಕೂಲವಾಗಿದೆ ಎಂಬುದೂ ಕಾಣುತ್ತಲೇ ಇತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು, ಬೆವರುತ್ತ, ಸಿರುಗುಪ್ಪದಲ್ಲಿ ಇಳಿದಳು.

ಗಿರಣಿಯ ಬಾಗಿಲಿಗೆ ಬರುವ ಮೊದಲೇ ಅದರ ಸದ್ದು ಅಂಗಾಲಿಗೆ ತಾಕಿತು. ಒಳಗೆ ಹೊಟ್ಟಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು, ಐದಾರು ಹೆಂಗಸರು ನುಚ್ಚು ಕೇರುತ್ತ ಕೂತಿದ್ದರು. ಯಂತ್ರದ ಪಕ್ಕ ನಿಂತಿದ್ದವನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು, ಗುರುತು ಹತ್ತಿದ್ದು ಅವನ ನಿಲುವಿನಿಂದ. ವೇದಿಕೆಯ ಮೇಲೂ ಎರ್ರಿ ಹಾಗೆಯೇ, ಬೆಳಕು ಬೇರೆಯವರ ಮೇಲೆ ಬೀಳಲಿ ಎಂಬಂತೆ, ಒಂದು ಬದಿಗೆ ವಾಲಿ ನಿಲ್ಲುತ್ತಿದ್ದ. ಅವನಿಗೂ ಗುರುತು ಹತ್ತಿತು. ಏನೂ ಆಶ್ಚರ್ಯ ತೋರಿಸದೆ ಕೂರಲು ಒಂದು ಚೀಲ ತೋರಿಸಿದ. ನಮಸ್ಕಾರ, ಹೇಗಿದ್ದೀರಿ ಎಂದಳು ರಶ್ಮಿ. ಬಹುವಚನದ ಆ ‘ಈರಿ’ಯನ್ನು ಅವನು ಗಮನಿಸಿ ಸ್ವಲ್ಪ ನಕ್ಕದ್ದು ಕಂಡು ಅವಳ ಕಿವಿ ಬಿಸಿಯಾದವು. ಹದಿನೈದು ವರ್ಷ ಈ ಸದ್ದಿನಲ್ಲಿ ನಿಂತು ತನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ, ಜೋರಾಗಿ ಮಾತಾಡಬೇಕು ಎಂದು ಅವನು ಕಿವಿ ಮುಟ್ಟಿ ತೋರಿಸುತ್ತ ಹೇಳಿದ. ಅವಳು ಮೊದಲು ಹಾಡು ಕೇಳಿಸಿದಳು. ಹೆಡ್‌ಫೋನ್ ಅವನ ಬಲಗಿವಿಗೆ ಒತ್ತಿ, ಮೊಬೈಲಿನ ಸದ್ದು ಪೂರ್ತಿ ಏರಿಸಿದಳು. ಅವನು ಕಣ್ಣು ಮುಚ್ಚಲಿಲ್ಲ, ಯಂತ್ರದ ಪಟ್ಟಿ ತಿರುಗುವುದನ್ನೇ ನೋಡುತ್ತ ಕೇಳಿದ. ಎರಡನೆಯ ಚರಣಕ್ಕೆ ಮುಖ ಕಿವುಚಿದ. ಕೊನೆಗೆ ಬಂದಾಗ ಕೈಯೆತ್ತಿ ಅವಳನ್ನು ತಡೆದ, ಅವಳು ಏನೂ ಮಾಡುತ್ತಿರಲಿಲ್ಲವಾದರೂ. ಮತ್ತೊಮ್ಮೆ ಆ ಭಾಗ ಹಾಕಲು ಹೇಳಿದ. ‘ಇಲ್ಲಿ ಹಿಂದ ಅಂವ ಹಾಡ್ಯಾನ ನೋಡ್ರಿ, ನನ್ನ ದನಿ ಕೆಳಗ’ ಎಂದ. ‘ಮರತಾ ಬಿಟ್ಟಿದ್ದೆ.’

ಅದು ಅವಳ ಗಮನಕ್ಕೂ ಬಂದಿರಲಿಲ್ಲ. ಬಸವರಾಜನ ದನಿಯನ್ನು ಎಲ್ಲಿದ್ದರೂ ಹಿಡಿಯುತ್ತೇನೆ ಎಂದುಕೊಂಡಿದ್ದವಳು ಅವಳು. ಅವನ ದನಿಯನ್ನು ಉಳಿಸಲು ಹೋಗಿ ಅವನ ದನಿಯನ್ನೇ ಕತ್ತರಿಸಿದ್ದಳು. ಅಲ್ಲಿ, ಆ ಧೂಳಿನಲ್ಲಿ, ಅವಳ ಬಾಯಿಂದ ಬಂದೇಬಿಟ್ಟಿತು: ತೆಗೆದದ್ದು ಅವರಲ್ಲ, ನಾನು. ಮೆಲ್ಲಗೆ ಹೇಳಿದಳು, ಮನೆಯಲ್ಲಿ ಹೇಳಿಕೊಳ್ಳುವ ಹಾಗೆ. ಎರ್ರಿ ಕಿವಿಯ ಹಿಂದೆ ಅಂಗೈ ಇಟ್ಟು ಬಗ್ಗಿದ. ಏನಂದ್ರಿ ಎಂದ.

ಅವಳಿಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ಮನಸ್ಸು ಎಷ್ಟು ಚುರುಕಾಗಿ ಅದನ್ನು ಬಾಚಿಕೊಂಡಿತೆಂದರೆ ಅವಳಿಗೇ ಅಸಹ್ಯವಾಯಿತು. ‘ಹಾಡು ಹಾಕಬಹುದಾ ಅಂತ ಕೇಳಿದೆ’ ಎಂದು ಕೂಗಿದಳು. ಭಾನುವಾರದ ಕಾರ್ಯಕ್ರಮ, ಹನ್ನೆರಡು ಹಾಡು, ಅರುಣಾ ಕಳಿಸಿದ್ದು, ಎಲ್ಲ ಕೂಗಿ ಹೇಳಿದಳು. ಎರ್ರಿ ಕೇಳುತ್ತ ಟವೆಲಿನಿಂದ ಮುಖ ಒರೆಸಿಕೊಂಡ. ಬಿಳಿ ಹೋಗಿ ಮುದುಕನಾಗುತ್ತಿರುವ ಒಬ್ಬ ಗಂಡಸಿನ ಕಪ್ಪು ಮುಖ ಕಂಡಿತು. ಹಾಕಿಕೊಳ್ಳಲಿ ಎಂದ. ತೆಗೆದವನೂ ಹೋದ, ಕೇಳಬೇಕೆಂದು ಕೂತ ಅವ್ವನೂ ನಾಲ್ಕು ವರ್ಷದ ಹಿಂದೆ ಹೋದಳು, ಇನ್ನು ಯಾರು ಕೇಳಿದರೇನು. ಆಮೇಲೆ, ಅವಳನ್ನು ನೋಡದೆ, ಹೇಳಿದ: ‘ಸುದ್ದಿ ಬಂದ ದಿನ ನಾ ಕುರುಗೋಡಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ತನಕ. ಅಲ್ಲೇ ನಿಂತೆ. ನಮ್ಮವ್ವ ಆವತ್ತು ನಿಮ್ಮ ಅಂಗಡ್ಯಾಗ ನನ್ನ ಮಾರಿ ನೋಡಿದ್ದು ನೆನಪಾತು. ಕಾಲು ಮುಂದ ಹೋಗಲಿಲ್ಲ. ಇಂಥಾ ಕೆಲಸ ಮಾಡಿದೋನಿಗೆ ಯಾವ ಕೈಲೆ ಮಣ್ಣು ಹಾಕ್ಲಿ ಅಂತ ತಿರುಗಿ ಬಂದೆ.’

ಕೇರುತ್ತಿದ್ದ ಹೆಂಗಸೊಬ್ಬಳು ಮೊರ ಕೆಳಗಿಟ್ಟು ಇವರನ್ನು ನೋಡಿದಳು. ರಶ್ಮಿ ಪರ್ಸಿನ ಬಾರು ಬಿಗಿಯಾಗಿ ಹಿಡಿದುಕೊಂಡಳು. ಅವನ ನಿದ್ದೆ ಕೆಡಿಸಬಾರದು ಎಂದಿದ್ದಳಲ್ಲ, ಆ ನಿದ್ದೆ ಯಾವತ್ತೂ ಇರಲೇ ಇಲ್ಲ. ಹೇಳದಿದ್ದರೆ ಈ ಮನುಷ್ಯ ಸಾಯುವ ತನಕ ಬಸವರಾಜನನ್ನು ದ್ವೇಷಿಸಿಕೊಂಡು, ಹಾಗೆ ದ್ವೇಷಿಸುವುದು ಸರಿಯೇ ಎಂದು ತನಗೆ ತಾನೇ ಹೇಳಿಕೊಂಡು, ಆ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತಾನೆ. ಅವಳು ಎದ್ದು ಅವನ ಬಲಗಿವಿಯ ಹತ್ತಿರ ಹೋದಳು. ‘ಬಸವರಾಜ ತಗೀಲಿಲ್ಲ. ತನ್ನ ಹಾಡು ತಗಿ ಅಂದಿದ್ರು, ನಿಮ್ಮದು ಮುಟ್ಟಬ್ಯಾಡ ಅಂದಿದ್ರು. ನಾನು ತಗದೆ. ಪಟ್ಟಿ ನಾನು ಬರದೆ. ಅವರನ್ನ ಕೇಳು ಅಂತ ಸುಳ್ಳು ಹೇಳಿದ್ದೂ ನಾನು.’ ಗಂಟಲು ಹರಿಯುವ ಹಾಗೆ ಕೂಗಿದ್ದಳು. ಹೆಂಗಸರೆಲ್ಲರ ಮೊರಗಳು ನಿಂತವು.

ಎರ್ರಿ ಅವಳ ಬಾಯಿಯನ್ನೇ ನೋಡುತ್ತಿದ್ದ, ಮಾತು ಇನ್ನೂ ಉಳಿದಿದೆಯೇನೋ ಎಂಬಂತೆ. ಆಮೇಲೆ ನಿಧಾನಕ್ಕೆ ಗೋಡೆಯ ಹತ್ತಿರ ನಡೆದು ದೊಡ್ಡ ಸ್ವಿಚ್ಚು ಕೆಳಗೆಳೆದ. ಯಂತ್ರ ಕೂಡಲೇ ನಿಲ್ಲಲಿಲ್ಲ, ಪಟ್ಟಿಗಳು ಸುತ್ತಿ ಸುತ್ತಿ ದಣಿದು ನಿಂತವು. ಹೊರಗೆ ರಸ್ತೆಯ ಆಟೋ ಸದ್ದು ಕೇಳತೊಡಗಿತು. ಅವನು ಹೊಡೆಯಬಹುದು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು, ಹೊಡೆಯಲಿ ಎಂದೂ ಅನ್ನಿಸಿತು.

‘ಅಂವಗ ಗೊತ್ತಿತ್ತಾ, ನೀವಾ ತಗದಿದ್ದು ಅಂತ?’

ಗೊತ್ತಿತ್ತು ಎಂದಳು.

‘ಯಾಕ ಹೇಳಲಿಲ್ಲ ನನಗ?’

ಅವಳು ಗೊತ್ತಿಲ್ಲ ಎಂದು ತಲೆ ಆಡಿಸಿದಳು. ಎರ್ರಿ ಅಲ್ಲೇ ಭತ್ತದ ಚೀಲಕ್ಕೆ ಬೆನ್ನು ಹಚ್ಚಿ ನೆಲಕ್ಕೆ ಕೂತ. ಎರಡು ಅಂಗೈಯನ್ನೂ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಅವುಗಳನ್ನೇ ನೋಡಿದ. ಅತ್ತನೋ ಇಲ್ಲವೋ ಹೇಳಲು ಬರುವಂತಿರಲಿಲ್ಲ. ಹೆಂಗಸರಲ್ಲಿ ಹಿರಿಯಳೊಬ್ಬಳು ತೆಲುಗಿನಲ್ಲಿ ಏನೋ ಕೇಳಿದಳು, ಅವನು ಏನಿಲ್ಲ ಎಂಬಂತೆ ಕೈ ಆಡಿಸಿದ. ರಶ್ಮಿ ತಪ್ಪಾಯಿತು ಎಂದು ಹೇಳಬೇಕೆಂದುಕೊಂಡಳು, ಆ ಮಾತು ಬಾಯಿಯಲ್ಲೇ ಸಣ್ಣದಾಗಿ ಕಂಡಿತು. ತಾನು ಬಂದ ಕೆಲಸ ಮುಗಿಯಿತು, ಹೇಳಿಯಾಯಿತು, ಇನ್ನು ಹೊರಡಬಹುದು ಎಂಬ ಯೋಚನೆ ಬಂದದ್ದೂ ನಿಜ, ಎದೆ ಸ್ವಲ್ಪ ಹಗುರಾದದ್ದೂ ನಿಜ. ಆಗ ಎರ್ರಿ ತಲೆ ಎತ್ತಿದ.

‘ನನ್ನ ಮುಂದ ಹೇಳಿ ಏನಾತು? ಆ ಅರುಣಮ್ಮಗ ಗೊತ್ತೈತಾ ಇದು?’

ಇಲ್ಲ ಎಂದಳು.

‘ನಾ ಮಣ್ಣಿಗೆ ಬರಲಿಲ್ಲಂತ ಆಕಿ ಕುಂತು ಬೈಯಾಕತ್ತಿರ್ತಾಳ. ಬೈಲಿ, ಅದು ನನಗ ಬರಬೇಕಾದ್ದು. ಗಂಡನ್ನ ಊರೆಲ್ಲ ಅಂದಿದ್ದು ಆಕಿ ಕಿವಿಗೂ ಬಿದ್ದಿರ್ತೈತಿ. ಅದು ಅಂವಗ ಬರಬೇಕಾದ್ದಲ್ಲ. ಫೋನ್ ಹಚ್ರಿ. ನನ್ನ ಮುಂದ ಹೇಳ್ರಿ, ಸ್ಪೀಕರ್ ಹಾಕಿ.’

ಅವನು ಜೋರು ಮಾಡಲಿಲ್ಲ. ಕೆಲಸದವನು ಕೆಲಸ ತೋರಿಸುವ ಹಾಗೆ ಹೇಳಿದ. ರಶ್ಮಿಗೆ ಅರುಣಾಳ ಬೆನ್ನು, ಸಿಂಕಿಗೆ ಬಿದ್ದ ತಟ್ಟೆಗಳು, ‘ಅದನ್ನ ನಾ ಮರಿಯಂಗಿಲ್ಲ’ ಎಂದ ದನಿ ನೆನಪಾದವು. ಇನ್ನು ಅರುಣಾ ಅವಳನ್ನು ಅಕ್ಕಾ ಎನ್ನುವುದಿಲ್ಲ. ಭಾನುವಾರ ಆ ಮನೆಯ ಹೊಸಿಲು ತುಳಿಯಲಾಗುವುದಿಲ್ಲ. ಬಳ್ಳಾರಿಯಲ್ಲಿ ತಗಡಿನ ಹಾಡೆಂದರೆ ರಶ್ಮಿಯನ್ನು ಕೇಳಬೇಕು ಎನ್ನುತ್ತಿದ್ದವರ ಮುಂದೆ ಮುಖ ಎತ್ತಿ ನಡೆಯಲಾಗುವುದಿಲ್ಲ. ಗುರುಸ್ವಾಮಿ ಏನೆನ್ನುತ್ತಾನೋ. ಫೋನು ಮೊದಲ ಸಲ ಬೇರೆ ಯಾರಿಗೋ ಹೋಯಿತು, ಕಡಿದು ಮತ್ತೆ ಒತ್ತಿದಳು. ಎರ್ರಿ ನೆಲದಲ್ಲೇ ಕೂತು ಬಲಗಿವಿಯನ್ನು ಮೊಬೈಲಿನ ಕಡೆ ಮಾಡಿದ. ಹೆಂಗಸರು ಮೊರ ಮುಟ್ಟದೆ ನೋಡುತ್ತಿದ್ದರು. ಆ ಕಡೆ ರಿಂಗಾಯಿತು, ಎರಡು ಸಲ, ಮೂರು ಸಲ. ಎತ್ತದೆ ಹೋಗಲಿ ಎಂದು ಅವಳು ಬೇಡಿಕೊಂಡಳು.

‘ಹೇಳ್ರಿ ಅಕ್ಕಾ, ಒಪ್ಪಿದನಾ?’ ಎಂದಳು ಅರುಣಾ.

ಗಿರಣಿ ನಿಂತಿತ್ತು, ಇಡೀ ಕಟ್ಟಡದಲ್ಲಿ ಒಂದು ಸದ್ದಿರಲಿಲ್ಲ. ಆದರೂ ರಶ್ಮಿ ಕೂಗಿಯೇ ಹೇಳಿದಳು.